ಚರ್ಚಿನ ಬಾಗಿಲಲ್ಲಿ ನಾನು ಮತ್ತು ಅವಳು

ಗುಂಡ್ಲುಪೇಟೆಯ ನಮ್ಮ ಚರ್ಚಿನ ಬಾಗಿಲಲ್ಲಿ ನಿಂತು ಹೊಸಬರನ್ನು ಬರಮಾಡಿಕೊಳ್ಳುವ ಕೆಲಸ ಹನ್ನೊಂದು ವರ್ಷ ನನ್ನೊಬ್ಬಳದೇ ಆಗಿತ್ತು. ಭಾನುವಾರ ಇಸ್ತ್ರಿ ಸೀರೆ ಉಟ್ಟು ಎಲ್ಲರಿಗಿಂತ ಮೊದಲು ಹೋಗಿ ನಿಲ್ಲುತ್ತಿದ್ದೆ. ಹೊಸ ಮುಖ ಕಂಡರೆ ಕೈಮುಗಿದು, "ಯಾವೂರು? ಯಾರ ಮನೆಯೋರು?" ಎಂದು ಕೇಳುತ್ತಿದ್ದೆ. ನಮ್ಮ ಕಡೆ ಮಾತು ಶುರುವಾಗುವುದೇ ಹಾಗೆ.

ಹೋದ ವರ್ಷ ಸಂತೆಮರಹಳ್ಳಿಯಿಂದ ಒಬ್ಬಳು ನರ್ಸ್ ವರ್ಗವಾಗಿ ಬಂದಳು. ಆರೇ ತಿಂಗಳಿಗೆ ಬಾಗಿಲಲ್ಲಿ ನನ್ನ ಪಕ್ಕ ನಿಂತಳು. ಯಾರು ಕರೆದಿದ್ದರೋ ಮಹಾತಾಯಿಯನ್ನು! ಬಂದವರ ಕಂಕುಳಿನ ಮಗುವನ್ನು ಎತ್ತಿಕೊಂಡು, "ಬಸ್ಸು ರಶ್ಶಾಗಿತ್ತಾ? ಬನ್ನಿ, ಫ್ಯಾನ್ ಕೆಳ್ಗೆ ಕೂತ್ಕಳಿ" ಅನ್ನುವಳು. ತಾನೂ ಪಕ್ಕದಲ್ಲಿ ಕೂತು ಹಾಡಿನ ಪುಸ್ತಕದ ಪುಟ ತೆಗೆದುಕೊಡುವಳು. ಅಷ್ಟೇ. ಅದೇನು ಯಾರಿಗೂ ಬಾರದ ವಿದ್ಯೆಯೇ? ಆದರೆ ಅವಳು ಕೂರಿಸಿದವರು ಮರುವಾರವೂ ಬರುತ್ತಿದ್ದರು, ನಾನು ಕೈಮುಗಿದವರು ಬರುತ್ತಿರಲಿಲ್ಲ. ಸುಳ್ಳೇಕೆ ಹೇಳಲಿ, ಹೊಟ್ಟೆ ಉರಿದುಹೋಗುತ್ತಿತ್ತು. ಅವಳಿಗೆ ಭಾನುವಾರವೂ ಡ್ಯೂಟಿ ಬೀಳಲಿ ಎಂದು ಪ್ರಾರ್ಥನೆಯಲ್ಲೇ ಬೇಡಿಕೊಂಡಿದ್ದೇನೆ.

ಒಮ್ಮೆ ಅವಳು ತೆರಕಣಾಂಬಿಯ ಹೆಂಗಸೊಬ್ಬಳನ್ನು ಕರೆತಂದು ಕೂರಿಸಿದಳು. ಇವಳನ್ನಾದರೂ ನನ್ನ ಕಡೆ ಮಾಡಿಕೊಳ್ಳಬೇಕು ಅನಿಸಿತು. ಆರಾಧನೆ ಮುಗಿದದ್ದೇ ನಾನೇ ಓಡಿಹೋಗಿ ಟೀ ಕೊಟ್ಟೆ.

"ಮೊದಲ್ನೇ ಸಲ ಬಂದ್ರಾ ನಮ್ಮ ಚರ್ಚಿಗೆ?"

"ಇಲ್ಲ ಕಣಕ್ಕ. ಎಲ್ಡು ವರ್ಸದ ಹಿಂದೆ ಬಂದಿದ್ದೆ. ನೀವೇ ನಿಂತಿದ್ರಿ. ಯಾರ ಮನೆಯೋಳು ಅಂದ್ರಿ, ಹೇಳ್ದೆ. ಯಾವ ಬೀದಿ ಅಂದ್ರಿ." ಅವಳು ಟೀ ಊದಿಕೊಂಡಳು. "ಊರಲ್ಲಿ ಬೀದಿ ಕೇಳೋದು ಯಾಕೆ ಅಂತ ಎಲ್ರಿಗೂ ಗೊತ್ತಲ್ವಾ? ಇಲ್ಲೂ ಅದೇ ಕತೆ ಅನ್ನುಸ್ಬುಡ್ತು. ಒಳಗೆ ಕೂತಿದ್ದೋಳು ಎದ್ದು ಓಗ್ಬುಟ್ಟೆ."

ನಾನೆಲ್ಲಿ ಜಾತಿ ಕೇಳಿದೆ ಎಂದು ಜಗಳಕ್ಕೆ ಬಾಯಿ ತೆರೆದೆ. ಆದರೆ ಬೀದಿ ತಿಳಿದು ನನಗೆ ಆಗಬೇಕಾದ್ದೇನಿತ್ತು?

"ಈಗ್ಯಾಕೆ ಬಂದ್ರಿ ಮತ್ತೆ?"

"ಆ ನರ್ಸಕ್ಕ ಏನೂ ಕೇಳ್ನಿಲ್ಲ."

ನಾಚಿಕೆ ಆಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ಆದದ್ದು ಹೊಟ್ಟೆಕಿಚ್ಚೇ. ಇದನ್ನೂ ಅವಳೇ ಗೆದ್ದಳಲ್ಲ ಎಂದು.

ಮುಂದಿನ ಭಾನುವಾರ ಅವಳಿಗೆ ನಿಜವಾಗಿಯೂ ಆಸ್ಪತ್ರೆಯಲ್ಲಿ ಡ್ಯೂಟಿ ಬಿತ್ತು. ಬಾಗಿಲು ಪೂರ್ತಿ ನನ್ನದು. ಗಂಡ ಹೆಂಡತಿ ಇಬ್ಬರು ಆಟೋ ಇಳಿದು ಅಳುಕುತ್ತ ಬಂದರು. ಕೈಮುಗಿದೆ. ಹಳೆಯ ಪ್ರಶ್ನೆ ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಬೇರೆ ಮಾತು ಹುಡುಕಿದೆ, ಒಂದೂ ಸಿಗಲಿಲ್ಲ. ಆ ನರ್ಸಿನ ಮಾತನ್ನೇ ಆಡಲು ಮನಸ್ಸು ಒಪ್ಪಲಿಲ್ಲ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, ತಾವೇ ಒಳಗೆ ಹೋಗಿ ಬಾಗಿಲ ಬಳಿಯ ಕೊನೆಯ ಬೆಂಚಿನಲ್ಲಿ ಕೂತರು. ಎದ್ದು ಹೋಗಲು ಅನುಕೂಲವಾದ ಜಾಗ ಅದು.

ಡ್ಯೂಟಿ ಮುಗಿಸಿ ಅವಳು ಬೇಗ ಬರಲಪ್ಪಾ ಎಂದುಕೊಳ್ಳುತ್ತ ನಾನು ರಸ್ತೆ ನೋಡುತ್ತಾ ನಿಂತೆ.