ಬಾವಿಕಟ್ಟೆಯ ಕಾರು

ಮೊಮ್ಮಕ್ಕಳೇ ಕಮಲಾ, ಶಿವು! ಸೋಮನೂರಿನ ನನ್ನ ತವರುಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದ ಡ್ರೈವರ್ ಒಬ್ಬರ ನೆನಪು ಬರೆಯುತ್ತಿದ್ದೇನೆ. ಅವರು ಮಿಲ್ ಮಾಲೀಕರ, ಅಂದರೆ ಊರಿನವರು ಮುದಲಾಳಿ ಎನ್ನುತ್ತಿದ್ದವರ, ಕಾರನ್ನು ದಿನವೂ ನಮ್ಮ ಬಾವಿಕಟ್ಟೆಯ ಬಳಿ ತೊಳೆಯುತ್ತಿದ್ದರು. ಅದರ ದೀಪಗಳನ್ನು ಮಗುವಿನ ಮುಖದಂತೆ ಮೆಲ್ಲಗೆ ಒರೆಸುತ್ತಿದ್ದರು.

ಬೇಸಿಗೆಯಲ್ಲಿ ಬಾವಿ ಬತ್ತತೊಡಗಿತು. ನಮ್ಮದು ನೇಕಾರರ ಮನೆ; ನೂಲಿಗೆ ಹಚ್ಚುವ ಗಂಜಿಗೇ ನೀರು ಸಾಲದೆ ಅಪ್ಪ ರೇಗಿದರು. “ಇನ್ನೊಂದು ಬಿಂದಿಗೆ ಸೇದಿದ್ರೆ ಮನೆ ಖಾಲಿ ಮಾಡು!”

“ಇದೂ ಒಂದು ಹಸು ತಾನೇ ಮಾಮಾ, ಮೈ ತೊಳೀಬೇಡ್ವಾ?” ಎಂದು ಡ್ರೈವರ್ ಎಂದಿನಂತೆ ನಕ್ಕರು. ಆದರೆ ಅಂದಿನಿಂದ ಒಣಬಟ್ಟೆಯಲ್ಲೇ ಒರೆಸಿದರು.

ಒಂದು ಬೆಳಗ್ಗೆ ಮಗ್ಗಕ್ಕೆ ಉದ್ದುದ್ದ ಹಾಕುವ ಹಾಸುನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದೆವು. ಫಕ್ಕನೆ ಮಳೆ ಹನಿಯಿತು. ನೆನೆದರೆ ನೂಲೆಲ್ಲ ಹಾಳು. ಅವಸರದಲ್ಲಿ ಸುತ್ತಿದೆವು, ಆದರೆ ಮನೆ ಬೀದಿಯ ಆ ತುದಿಗಿತ್ತು. ಡ್ರೈವರ್ ಕಾರನ್ನು ನಮ್ಮ ಪಕ್ಕಕ್ಕೇ ತಂದು ಬಾಗಿಲು ತೆರೆದರು.

“ಒಳಗೆ ಹಾಕಿ ಮಾಮಾ!”

“ಸೀಟೆಲ್ಲ ಗಂಜಿ ಆಗ್ತದಲ್ಲಪ್ಪಾ! ಮುದಲಾಳಿ ನಿನ್ನ ಬಿಡ್ತಾರಾ?”

“ಬಯ್ದ್ರೆ ಬಯ್ಯಲಿ, ಹಾಕಿ!”

ನೂಲು ಉಳಿಯಿತು. ಮಳೆ ನಿಂತ ಮೇಲೆ ಅಪ್ಪ ತಾವೇ ಬಾವಿಯಿಂದ ನೀರು ಸೇದಿ ಬಿಂದಿಗೆಯನ್ನು ಕಾರಿನ ಬಳಿ ಇಟ್ಟರು.

“ನಿನ್ನ ಹಸು ಗಂಜಿ ಕುಡಿದು ಮೈಯೆಲ್ಲ ಮಾಡ್ಕೊಂಡದೆ. ತೊಳಿಯಪ್ಪಾ.”

ಮಕ್ಕಳೇ, ಈ ಕನ್ನಡ ಅಕ್ಷರ ನಿಮಗೆ ಬಾರದು. ನಿಮ್ಮ ಅಮ್ಮನಿಂದ ಓದಿಸಿಕೊಳ್ಳಿ. ಆಮೇಲೆ ಈ ಹಾಳೆಗಳನ್ನು ನೀರು ತಾಗದ ಕಡೆ ಜೋಪಾನವಾಗಿಡಿ.