ತೂಕ ಆದಮೇಲೆ ಕೊಸರು, ಬಿಲ್ಲಿಗೆ ಮೊದಲು ಕೂಪನ್

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಒಂದು ಮೊಳೆ ಇದೆ. ಸಾಮಾನು ತರುವ ಚೀಲ ಅದರಲ್ಲಿ ನೇತಾಡುತ್ತದೆ. ಆ ಚೀಲವನ್ನು ಯಾರು ಇಳಿಸುತ್ತಾರೋ ಮನೆ ಅವರದು. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಮದುವೆಯಾಗಿ ದಾವಣಗೆರೆಗೆ ಬಂದ ಹೊಸತರಲ್ಲೇ ತಿಳಿದುಹೋಯಿತು. ಇಳಿಸುತ್ತಿದ್ದವರು ಅತ್ತೆ. ಯಾವ ಬೇಳೆ, ಎಷ್ಟು ಎಣ್ಣೆ, ಹಬ್ಬಕ್ಕೆ ಹೋಳಿಗೆಯೋ ಪಾಯಸವೋ, ಬಂದವರ ಚಹಾಕ್ಕೆ ಸಕ್ಕರೆ ಎಷ್ಟು, ಎಲ್ಲ ಆ ಚೀಲದೊಳಗಿಂದಲೇ ಹೊರಡುತ್ತಿತ್ತು. ನನ್ನ ಗಂಡ ಹರಿಹರದ ಒಂದು ಕಾರ್ಖಾನೆಗೆ ದಿನಾ ಹೋಗಿಬರುವವರು. ಮನೆಖರ್ಚಿನ ದುಡ್ಡನ್ನು ತಾಯಿಯ ಕೈಗಿಟ್ಟು ನಿಶ್ಚಿಂತರಾಗಿಬಿಡುತ್ತಿದ್ದರು.

ಅತ್ತೆ ಲೋಕಿಕೆರೆಯ ಬೇಸಾಯದ ಮನೆಯವರು. ಅವರು ಹೋಗುತ್ತಿದ್ದುದು ನಮ್ಮ ಬೀದಿಯ ಕೊನೆಯ ಕಿರಾಣಿ ಅಂಗಡಿಗೆ, ಅದೊಂದಕ್ಕೇ. ಹಾಗೆಂದು ಅಲ್ಲಿನ ಸಾವ್ಕಾರರನ್ನು ಅವರು ನಂಬಿದ್ದರು ಎಂದುಕೊಳ್ಳಬೇಡಿ. ತಕ್ಕಡಿ ಹೋಗಿ ಕೆಂಪು ಅಂಕಿ ಮೂಡುವ ಯಂತ್ರ ಬಂದಮೇಲೂ, ಅಂಕಿ ಅಲುಗಾಡದೆ ನಿಲ್ಲುವತನಕ ಅತ್ತೆ ರೆಪ್ಪೆ ಬಡಿಯುತ್ತಿರಲಿಲ್ಲ. ತೂಕ ಮುಗಿಯಬೇಕು, ಪೊಟ್ಟಣ ಕಟ್ಟಬೇಕು, ದುಡ್ಡು ಕೈ ಬದಲಾಗಬೇಕು, ಆಮೇಲೆ ಅವರು ಮೆಲ್ಲಗೆ "ಕೊಸರು?" ಎನ್ನುವರು. ಸಾವ್ಕಾರರು ಒಂದು ಹಿಡಿ ಬೇಳೆಯನ್ನೋ ನಾಲ್ಕು ಏಲಕ್ಕಿಯನ್ನೋ ಮೇಲೆ ಹಾಕುವರು. ಕೊಸರನ್ನು ತೂಕಕ್ಕೆ ಮೊದಲು ಬಾಯಿಬಿಟ್ಟು ಕೇಳಬಾರದು ಎಂಬುದು ಅತ್ತೆಯ ಕಾಯಿದೆ. ಮೊದಲೇ ಕೇಳಿದರೆ ತೂಕದಲ್ಲೇ ಅಷ್ಟು ಕಡಿದು, ನಮ್ಮದನ್ನೇ ನಮಗೆ ದಾನ ಮಾಡುತ್ತಾರಂತೆ.

ನಮ್ಮ ಬಡಾವಣೆಯ ಹತ್ತಿರ ಗಾಜಿನ ಬಾಗಿಲಿನ ದೊಡ್ಡ ಅಂಗಡಿ ಬಂತು. ಮೊದಲ ಸಲ ನಾನು ಅಲ್ಲಿಗೆ ಯಾಕೆ ಹೋದೆ ಎಂಬುದು ಈಗ ನೆನಪಿಲ್ಲ. ತಂಪು ಗಾಳಿಗೆ ಎಂದು ಗಂಡ ಹೇಳುತ್ತಾರೆ. ಸೋಪಿಗೆ ಎಂದು ನಾನು ಹೇಳುತ್ತೇನೆ. ಎರಡೂ ಆಮೇಲೆ ಕಟ್ಟಿಕೊಂಡ ಕಾರಣಗಳಿರಬಹುದು. ಬಿಲ್ಲಿನ ಜೊತೆ ಒಂದು ಕೂಪನ್ ಕೊಟ್ಟರು ಎಂಬುದು ಮಾತ್ರ ನಿಜ. ಮುಂದಿನ ಸಲ ಇಷ್ಟರ ಮೇಲೆ ಸಾಮಾನು ಕೊಂಡರೆ ಇಷ್ಟು ಬಿಡುತ್ತೇವೆ, ಈ ತಾರೀಕಿನೊಳಗೆ ಬನ್ನಿ ಎಂದು ಅದರ ಮೇಲಿತ್ತು. ತಂದು ಅತ್ತೆಗೆ ತೋರಿಸಿದೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿದರು, ಬೆಳಕಿಗೆ ಹಿಡಿದರು.

"ಕೊಸರಿಗೆ ಕೊನೇ ತಾರೀಕು ಇರ್ತೈತೇನವ್ವ?" ಎಂದರು.

ನನಗೂ ಅನುಮಾನವೇ. ಆದರೆ ನನ್ನ ಅನುಮಾನ ಬೇರೆ ಜಾತಿಯದು. ಅಂಗಡಿಯವರು ನನಗೆ ಮೋಸ ಮಾಡಲು ನೋಡುತ್ತಾರೆ, ಸರಿ. ಹುಷಾರಾಗಿದ್ದರೆ ಅವರ ಬಲೆಯ ದಾರವನ್ನೇ ಬಿಚ್ಚಿಕೊಂಡು ಬಂದು ನಮ್ಮ ಹರಿದದ್ದು ಹೊಲಿಯಬಹುದು. ಅದನ್ನು ಮಾಡಿ ತೋರಿಸಬೇಕೆಂದರೆ ಚೀಲ ನನ್ನ ಕೈಗೆ ಬರಬೇಕು. ಶಿವರಾತ್ರಿ ಕಳೆದಮೇಲೆ ಒಂದು ದಿನ ಧೈರ್ಯ ಮಾಡಿ ಕೇಳಿದೆ. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಕೊನೆಗೆ ಯುಗಾದಿತನಕ ಚೀಲ ನನಗೆ ಎಂದಾಯಿತು. ಹಬ್ಬದ ಸಾಮಾನೂ ಸೇರಿ ಮೊದಲಿಗಿಂತ ಕಡಿಮೆಯಲ್ಲಿ ಆದರೆ ಚೀಲ ನನ್ನ ಹತ್ತಿರವೇ ಉಳಿಯುತ್ತದೆ. ಇಲ್ಲದಿದ್ದರೆ ಮರಳಿ ಮೊಳೆಗೆ, ಅವರ ಕೈಗೆ. ಮತ್ತೆ ಅದರ ಮಾತು ಎತ್ತುವಂತಿಲ್ಲ.

ಶುರುವಿನಲ್ಲೇ ಎಡವಿದೆ. ಒಂದು ಕೊಂಡರೆ ಇನ್ನೊಂದಕ್ಕೆ ಅರ್ಧ ಎಂಬ ಕೂಪನ್ ನೋಡಿ, ನೆಲ ಒರೆಸುವ ದ್ರಾವಣದ ದೊಡ್ಡ ದೊಡ್ಡ ಬಾಟಲಿ ತಂದು ಸಾಲಾಗಿ ಇಟ್ಟೆ. ಅತ್ತೆ ಅವುಗಳ ಮುಂದೆ ನಿಂತು, "ಇಷ್ಟು ಖರ್ಚಾಗ್ಬೇಕಂದ್ರೆ ಮನೆ ದೊಡ್ಡದು ಮಾಡಿಸ್ಬೇಕಲ್ಲವ್ವ," ಎಂದರು. ಗಂಡ ಊಟದ ತಟ್ಟೆಯೊಳಗೆ ತಲೆ ತಗ್ಗಿಸಿ ನಕ್ಕರು.

ಆಮೇಲೆ ಕಲಿತೆ. ಕೂಪನ್ ನೋಡಿ ಏನು ಬೇಕು ಎಂದು ಯೋಚಿಸಬಾರದು. ಏನು ಬೇಕು ಎಂದು ಮನೆಯಲ್ಲೇ ತೀರ್ಮಾನಿಸಿ, ಅದಕ್ಕೆ ಕೂಪನ್ ಇದೆಯೇ ಎಂದು ಹುಡುಕಬೇಕು. ಬಿಡುತ್ತೇವೆ ಅಂದದ್ದನ್ನು ಕಳೆದಮೇಲಾದರೂ ಕಿರಾಣಿ ಅಂಗಡಿಗಿಂತ ಕಡಿಮೆಯಾಗುತ್ತದೆಯೇ ಎಂದು ಸಾವ್ಕಾರರ ಹತ್ತಿರ ಏನೋ ನೆಪ ಮಾಡಿ ರೇಟು ಕೇಳಿಬರಬೇಕು. ತೊಗರಿಬೇಳೆ ಎಷ್ಟೋ ಸಲ ಅವರಲ್ಲೇ ಅಗ್ಗವಿರುತ್ತಿತ್ತು. ಪ್ಯಾಕೆಟ್ಟಿನ ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಬರೆದ ತೂಕ ಓದಬೇಕು; ಬಿಸ್ಕತ್ತಿನ ಪೊಟ್ಟಣ ಹಳೆಯ ಉದ್ದವನ್ನೇ ಉಳಿಸಿಕೊಂಡು ಒಳಗೊಳಗೆ ಸೊರಗಿರುತ್ತದೆ. ಇಷ್ಟು ಮಾಡಿದಮೇಲೂ ಅಂಗಡಿಯಿಂದ ಹೊರಗೆ ಬರುವಾಗ, ಗೆದ್ದೆ ಅನ್ನಿಸುವುದರ ಬದಲು, ಇವರಿಗೆ ಬೇಕಾದಂತೆಯೇ ನಡೆದುಕೊಂಡೆನೇನೋ ಅನ್ನಿಸುತ್ತಿತ್ತು.

ಹಬ್ಬ ಹತ್ತಿರ ಬಂದಾಗ ಎಲ್ಲ ನಿಂತಿದ್ದುದು ಎಣ್ಣೆಯ ಒಂದು ಕೂಪನ್ ಮೇಲೆ. ಎಣ್ಣೆಯ ಕ್ಯಾನಿನ ಮೇಲೆ ಅವರು ಬಿಡುವುದಾಗಿ ಹೇಳಿದ್ದು ದೊಡ್ಡ ಮೊತ್ತ. ಅದೊಂದು ಸಿಕ್ಕರೆ ಬಾಟಲಿಗಳ ದಡ್ಡತನವೂ ಮುಚ್ಚಿಹೋಗುತ್ತಿತ್ತು. ಹಬ್ಬದ ಹಿಂದಿನ ದಿನವೇ ಅದರ ಕೊನೆಯ ದಿನ. ಬೇವು ಬೆಲ್ಲಕ್ಕೆಂದು ತೊಳೆದಿಟ್ಟ ಬಟ್ಟಲಿನ ಕೆಳಗೆ, ದೇವರ ಗೂಡಿನಲ್ಲಿ ಇಟ್ಟಿದ್ದೆ. ಅಥವಾ ಅಡುಗೆಮನೆಯ ಯಾವುದೋ ಡಬ್ಬಿಯಲ್ಲಿ ಇಟ್ಟಿದ್ದೆ. ದೇವರ ಗೂಡು ಎಂದು ಯಾಕೆ ಅನ್ನಿಸುತ್ತದೆಂದರೆ ಅಲ್ಲಿಂದ ಕಾಣೆಯಾದರೆ ಕಥೆ ಚೆನ್ನಾಗಿರುತ್ತದೆ. ಹಾಗಾಗಿಯೇ ಅದನ್ನು ನಂಬುವುದಿಲ್ಲ. ಎಲ್ಲಿಟ್ಟಿದ್ದರೂ, ಹಬ್ಬಕ್ಕೆ ಎರಡು ದಿನ ಇರುವಾಗ ನೋಡಿದರೆ ಅದು ಇರಲಿಲ್ಲ.

ಅತ್ತೆಯೂ ಮನೆಯಲ್ಲಿರಲಿಲ್ಲ. ಹರಿಹರದಲ್ಲಿರುವ ಮಗಳನ್ನು, ಅಂದರೆ ನನ್ನ ನಾದಿನಿಯನ್ನು, ನೋಡಿಬರುತ್ತೇನೆಂದು ಬೆಳಿಗ್ಗೆಯೇ ಬಸ್ಸು ಹತ್ತಿದ್ದರು.

ಅಕ್ಕಿ ಡ್ರಮ್ಮಿನ ಹಿಂದೆ ಹುಡುಕಿದೆ, ಗಂಡನ ಅಂಗಿಯ ಜೇಬು ತಡಕಿದೆ. ಹುಡುಕುತ್ತಾ ಹೋದಂತೆ ಸಾಕ್ಷಿಗಳು ತಾವಾಗಿಯೇ ಬಂದು ಸಾಲುಗಟ್ಟಿದವು. ಹೊರಡುವಾಗ ಅತ್ತೆ ನನ್ನ ಮುಖ ನೋಡಿರಲಿಲ್ಲ. ಹಿಂದಿನ ದಿನ ಸಾವ್ಕಾರರ ಅಂಗಡಿಯ ಕಟ್ಟೆಯ ಮೇಲೆ ಕೂತು ಏನೋ ಮಾತಾಡುತ್ತಿದ್ದರು, ನಾನು ಹೋದಕೂಡಲೇ ಇಬ್ಬರೂ ಬಿಸಿಲಿನ ಬಗ್ಗೆ ಮಾತಾಡಿದರು. ನಾನು ಸೋಲಬೇಕು, ಚೀಲ ಮೊಳೆಗೆ ಬರಬೇಕು, ಅದಕ್ಕೇ ಕೂಪನ್ ಮಾಯವಾಗಿದೆ. ಎಲ್ಲ ಎಷ್ಟು ಚಂದ ಕೂಡಿಕೊಂಡಿತೆಂದರೆ ಗಂಡನಿಗೆ ಹೇಳುವ ಮಾತನ್ನು ಒಳಗೇ ಜೋಡಿಸಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ನಾದಿನಿಯ ಫೋನು. "ಅತ್ತಿಗೆ, ಅವ್ವ ಬಸ್ ಹತ್ತೈತೆ, ಸಿಟ್ಟಿನಾಗೈತೆ, ನೀವೇನೂ ಕೇಳಾಕೆ ಹೋಗಬ್ಯಾಡ್ರಿ," ಎಂದು ಪೀಠಿಕೆ ಹಾಕಿ ನಡೆದದ್ದನ್ನೆಲ್ಲ ಹೇಳಿದಳು.

ಆ ಗಾಜಿನ ಬಾಗಿಲಿನ ಅಂಗಡಿಯ ಇನ್ನೊಂದು ಶಾಖೆ ಹರಿಹರದಲ್ಲಿದೆ. ಅತ್ತೆ ಮಗಳನ್ನು ಕರೆದುಕೊಂಡು ನೇರ ಅಲ್ಲಿಗೆ ಹೋಗಿದ್ದಾರೆ. ಎಣ್ಣೆಯ ಕ್ಯಾನು, ಒಂದು ಪೆಂಟೆ ಬೆಲ್ಲ ತೆಗೆದುಕೊಂಡು ಸಾಲಿನಲ್ಲಿ ನಿಂತಿದ್ದಾರೆ. ಕೌಂಟರಿನ ಹೆಂಗಸು ಕೂಪನ್ ಇದೆಯಾ ಎಂದು ಕೇಳಿದಾಗ ಇಲ್ಲವೆಂದು ತಲೆಯಾಡಿಸಿದ್ದಾರೆ. ಬಿಲ್ಲಾಯಿತು. ದುಡ್ಡು ಕೊಟ್ಟದ್ದಾಯಿತು. ಸಾಮಾನು ಚೀಲಕ್ಕೆ ಬಿತ್ತು. ಆಗ ಸೊಂಟದಿಂದ ಎಲೆ ಅಡಿಕೆ ಸಂಚಿ ತೆಗೆದು, ಅದರೊಳಗಿಂದ ಕೂಪನ್ ತೆಗೆದು, ಕೊಸರು ಕೇಳುವಂತೆಯೇ ಮೆಲ್ಲಗೆ ಮುಂದೆ ಇಟ್ಟಿದ್ದಾರೆ.

ಬಿಲ್ಲಿಗೆ ಮೊದಲೇ ಕೊಡಬೇಕಿತ್ತು ಅಜ್ಜಿ ಎಂದು ಕೌಂಟರಿನಾಕೆ ಹೇಳಿದಳಂತೆ. ಮೊದಲೇ ತೋರಿಸಿದರೆ ನೀವು ರೇಟು ಏರಿಸುವುದಿಲ್ಲವೆಂದು ಯಾವ ಗ್ಯಾರಂಟಿ ಎಂದು ಅತ್ತೆ ಕೇಳಿದರಂತೆ. ಹಿಂದೆ ಸಾಲಿನಲ್ಲಿದ್ದ ಯಾರೋ ನಕ್ಕರು. ಬಿಲ್ ರದ್ದು ಮಾಡಿ ಇನ್ನೊಮ್ಮೆ ಹೊಡೆಯುತ್ತೇವೆ, ಸಾಮಾನು ಹೊರಗೆ ತೆಗೆಯಿರಿ ಎಂದರೆ ಅತ್ತೆ ಒಪ್ಪಿಲ್ಲ. ಒಮ್ಮೆ ತೂಕ ಆಗಿ ಚೀಲಕ್ಕೆ ಬಿದ್ದದ್ದನ್ನು ತಿರುಗಿ ತಕ್ಕಡಿಗೆ ಹಾಕುವುದು ಅವರ ಕಾಯಿದೆಯಲ್ಲಿಲ್ಲ. ಕೂಪನ್ ವಾಪಸ್ಸು ಸಂಚಿಗೆ ಸೇರಿಸಿ ಹೊರಗೆ ಬಂದಿದ್ದಾರೆ. ಎಣ್ಣೆಯನ್ನೂ ಬೆಲ್ಲವನ್ನೂ ಮಗಳ ಮನೆಗೇ ಬಿಟ್ಟಿದ್ದಾರೆ.

ಸಂಜೆ ಅತ್ತೆ ಬಂದು ಕಾಲು ತೊಳೆದುಕೊಂಡು ಕೂತರು. ಕೇಳಬೇಡಿ ಎಂದು ನಾದಿನಿ ಹೇಳಿದ್ದಳು. ಚಹಾ ಕೊಟ್ಟು ಕೇಳಿದೆ.

"ಕೂಪನ್ ನಿಮ್ಮ ಹತ್ರ ಐತಾ, ಅತ್ತೆ?"

ಅವರು ಸಂಚಿ ಬಿಚ್ಚಿ ಅದನ್ನು ನೆಲದ ಮೇಲಿಟ್ಟರು. ಸುಣ್ಣದ ಕಲೆ ಹತ್ತಿತ್ತು.

"ನಿನ್ನ ಅಂಗಡ್ಯಾರು ಎಂಥಾರು ಅಂತ ನೋಡಾಕೆ ಹೋಗಿದ್ದೆ," ಎಂದರು. "ಇಲ್ಲಿ ನೋಡಿದ್ರೆ ನಿನ್ನ ಮುಖ ಅವ್ರಿಗೆ ಗೊತ್ತೈತೆ. ಅಲ್ಲಿ ನನ್ನ ಗುರ್ತು ಯಾರಿಗೂ ಇಲ್ಲ. ಗುರ್ತು ಇಲ್ಲದಾಗಲೇ ತಕ್ಕಡಿ ನಿಜ ಹೇಳೋದು."

"ಏನು ಹೇಳ್ತು?"

"ಹೇಳಾಕೆ ಎಲ್ಲಿ ಬಿಟ್ರವ್ವ. ಮೊದ್ಲು ಕೊಡು ಅಂದ್ರು. ಮೊದ್ಲು ಕೊಡು ಅನ್ನೋರನ್ನ ನಾನು ನಂಬಲ್ಲ."

ನನ್ನನ್ನು ಸೋಲಿಸುವುದಕ್ಕೆ ಅಲ್ಲವಾ ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಅಂಗಡಿಯನ್ನು ಹಿಡಿಯಲು ಹೋದವರು ಹಾಗೇ ನನ್ನನ್ನೂ ಹಿಡಿಯಲು ಹೋಗಿರಬಹುದು. ಎರಡಕ್ಕೂ ಒಂದೇ ಬಸ್ಸು ಸಾಕು. ಅದರ ಬದಲು, ಹರಿಹರದ ಬಿಲ್ಲು ಇದೆಯಾ ಎಂದೆ. ಇತ್ತು. ಹಾಗಾದರೆ ನಾಳೆ ಇಬ್ಬರೂ ಇಲ್ಲಿನ ಅಂಗಡಿಗೆ ಹೋಗೋಣ, ಅದೇ ಎಣ್ಣೆ ಅದೇ ಬೆಲ್ಲ ತೆಗೆದುಕೊಳ್ಳೋಣ, ಕೂಪನ್ನನ್ನು ಮೊದಲೇ ಕೊಡೋಣ, ಎರಡೂ ಬಿಲ್ಲು ಹಿಡಿದು ನೋಡೋಣ ಎಂದೆ. ತೋರಿಸಿದ್ದಕ್ಕೆ ರೇಟು ಏರುತ್ತದೋ ಇಲ್ಲವೋ ತಿಳಿಯುತ್ತದೆ. ಅತ್ತೆಯ ಮುಖ ಅರಳಿತು. ಒಬ್ಬರನ್ನೊಬ್ಬರು ನಂಬುವುದಕ್ಕಿಂತ ಇಬ್ಬರೂ ಸೇರಿ ಮೂರನೆಯವರನ್ನು ಅನುಮಾನಿಸುವುದು ನಮ್ಮಿಬ್ಬರಿಗೂ ಸುಲಭವಾಗಿತ್ತು.

ಮರುದಿನ ಅಂಗಡಿಯಲ್ಲಿ ಹಬ್ಬದ ನೂಕುನುಗ್ಗಲು. ಚೀಲ ಯಾರು ಹಿಡಿದಿದ್ದರು ಎಂಬುದು ನೆನಪಿಲ್ಲ. ಅದೇ ನೆನಪಿಲ್ಲದಿರುವುದು ನನಗೂ ವಿಚಿತ್ರವೆನಿಸುತ್ತದೆ. ನಾನು ಕೂಪನ್ ಕೊಟ್ಟೆ. ಸುಣ್ಣದ ಕಲೆಯನ್ನು ಉಗುರಿನಿಂದ ಕೆರೆದಮೇಲೆ ಯಂತ್ರ ಅದನ್ನು ಓದಿತು. ಅತ್ತೆ ಪರದೆಗೆ ಮುಖ ಒಡ್ಡಿ, ಅಂಕಿ ನಿಲ್ಲುವುದನ್ನೇ ಕಾಯುತ್ತಿದ್ದರು. ದುಡ್ಡು ಕೊಟ್ಟಾದಮೇಲೆ ಮೆಲ್ಲಗೆ "ಕೊಸರು?" ಎಂದರು. ಕೌಂಟರಿನವಳಿಗೆ ನಗು ತಡೆಯಲಾಗಲಿಲ್ಲ. "ಆಗ್ಲೇ ಕಳೆದೈತಲ್ರಿ ಅಜ್ಜಿ," ಎಂದಳು.

ಹೊರಗೆ ಬಂದು ಬೇವಿನ ಮರದ ನೆರಳಿನಲ್ಲಿ ನಿಂತು ಎರಡೂ ಬಿಲ್ಲು ಹಿಡಿದೆವು. ಎಣ್ಣೆಯ ರೇಟು ಎರಡು ಕಡೆಯೂ ಒಂದೇ. ಇಲ್ಲಿ ಅದರಿಂದ ಕೂಪನ್ನಿನದು ಕಳೆದಿತ್ತು, ಹೇಳಿದ್ದಷ್ಟೂ. ನಾನು ಉಸಿರುಬಿಟ್ಟೆ. ಅತ್ತೆಯ ಬೆರಳು ಇನ್ನೂ ಕೆಳಗೆ ಇಳಿಯುತ್ತಿತ್ತು, ಬೆಲ್ಲದ ಮೇಲೆ ನಿಂತಿತು. ಇಲ್ಲಿ ಬೆಲ್ಲದ ರೇಟು ಹೆಚ್ಚು.

ಹರಿಹರಕ್ಕೂ ದಾವಣಗೆರೆಗೂ ವ್ಯತ್ಯಾಸವಿರಬಹುದು, ಹಬ್ಬ ಒಂದು ದಿನ ಹತ್ತಿರ ಬಂದಿದೆ, ಬೆಲ್ಲ ಎಲ್ಲ ಕಡೆ ಏರಿರಬಹುದು ಎಂದೆ. ಎಣ್ಣೆಯಲ್ಲಿ ಕೊಟ್ಟದ್ದನ್ನು ಬೆಲ್ಲದಲ್ಲಿ ಹಿಡಿದಿರಬಹುದು ಎಂದು ಅತ್ತೆ ಬಾಯಿಬಿಟ್ಟು ಹೇಳಲಿಲ್ಲ. ಬೆರಳನ್ನು ಮಾತ್ರ ತೆಗೆಯಲಿಲ್ಲ. ಯಾವುದು ಸರಿ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಬರುವಾಗ ಸಾವ್ಕಾರರ ಅಂಗಡಿಯಲ್ಲಿ ಬೆಲ್ಲದ ರೇಟು ಕೇಳಿದೆವು. ಅವರದು ಎರಡಕ್ಕೂ ನಡುವೆ ಇತ್ತು. ಅದೂ ನಾವು ಯಾಕೆ ಕೇಳುತ್ತಿದ್ದೇವೆಂದು ತಿಳಿದು ಹೇಳಿದ್ದಿರಬಹುದು.

ಮನೆಗೆ ಬಂದಮೇಲೆ ಅತ್ತೆ ತೀರ್ಪು ಕೊಟ್ಟರು. "ಎಣ್ಣೆ, ಸೋಪು ನೀನು ತಗಂಬಾ. ಬೇಳೆ, ಬೆಲ್ಲ ನಾನು ತರ್ತೀನಿ. ಕೂಪನ್ ಇದ್ದಲ್ಲಿ ನೀನು, ಕೊಸರು ಇದ್ದಲ್ಲಿ ನಾನು."

ಸೋತೆಯೋ ಗೆದ್ದೆಯೋ ಎಂದು ನನ್ನ ಗಂಡ ಕೇಳಿದರು. ಖರ್ಚೇನೋ ಕಡಿಮೆಯಾಗಿತ್ತು. ಈಗಲೂ ಹಾಗೇ ನಡೆಯುತ್ತಿದೆ, ಅದರಲ್ಲಿ ಉಳಿತಾಯವೂ ಇದೆ. ನಾದಿನಿ ಮಾತ್ರ ಚೀಲ ಹಂಚಿಕೊಂಡದ್ದು ಯುಗಾದಿಗಲ್ಲ, ಅದರ ಮುಂದಿನ ದೀಪಾವಳಿಗೆ ಎಂದು ವಾದಿಸುತ್ತಾಳೆ.

ಮೊಳೆ ಒಂದೇ, ಈಗ ಚೀಲ ಎರಡು. ಮೇಲೆ ಅತ್ತೆಯದು, ಕೆಳಗೆ ನನ್ನದು. ನನ್ನದನ್ನು ತೆಗೆಯಬೇಕಾದರೆ ಅವರದನ್ನು ಇಳಿಸಲೇಬೇಕು, ಇಳಿಸಿದಾಗ ಒಳಗೆ ಒಮ್ಮೆ ಇಣುಕುತ್ತೇನೆ. ನಾನು ನನ್ನ ಚೀಲವನ್ನು ಬಾಯಿ ಒಳಗೆ ಬರುವಂತೆ ಮಡಚಿ ನೇತುಹಾಕುತ್ತೇನೆ. ಬೆಳಿಗ್ಗೆ ನೋಡಿದರೆ ಅದರ ಬಾಯಿ ಹೊರಗಿರುತ್ತದೆ.