ಮಗಳ ಮಾತಿಗೆ ಕಾದ ಟೀಚರ್

ಊರಿಗಾಂ ಚಿನ್ನದ ಗಣಿ ಕಾರ್ಮಿಕರ ಲೈನ್‌ಮನೆಗಳ ನಮ್ಮ ಅಂಗನವಾಡಿ ಟೀಚರ್ ನಿಂತುಕೊಂಡು ಮಕ್ಕಳೊಡನೆ ಮಾತಾಡಿದ್ದನ್ನು ನಾನು ಕಾಣೆ. ಮಂಡಿನೋವಿದ್ದರೂ ಕುಕ್ಕರಗಾಲಲ್ಲಿ ಕೂತು, ಮಗುವಿನ ಕಣ್ಣಿಗೆ ಕಣ್ಣು ಕೊಟ್ಟ ಮೇಲೆಯೇ ಬಾಯಿ ತೆರೆಯುತ್ತಿದ್ದರು.

ನನ್ನ ಮಗಳಿಗೆ ಮೂರು ತುಂಬಿದರೂ ಮಾತು ಬಂದಿರಲಿಲ್ಲ. ಅವಳ ಜೊತೆ ನಾನು ಆಡುವುದು ಕನ್ನಡ, ನಮ್ಮ ಅತ್ತೆ ತೆಲುಗು, ಅಂಗನವಾಡಿಯ ಆಯಾ ತಮಿಳು. "ಮೂರು ಭಾಷೆ ತುರುಕಿ ಮಗೀನ ತಲೆ ಕೆಡಿಸಿಬಿಟ್ರಿ" ಎಂದು ನೆರೆಯವರು ಅನ್ನುವರು. ನಾನು ಅಳುತ್ತಾ ಹೋದಾಗಲೆಲ್ಲ ಟೀಚರ್ ನನ್ನ ಕೈ ಹಿಡಿದು ಒಂದೇ ಮಾತು ಹೇಳುತ್ತಿದ್ದರು: "ಒಳಗೇ ಜೋಡಿಸ್ಕಂತಾ ಐತೆ ಕಣಮ್ಮ, ಅವಸರ ಮಾಡ್ಬೇಡ."

ಒಂದು ಮಧ್ಯಾಹ್ನ ಅವಳನ್ನು ಕರೆತರಲು ನಾನೂ ಅತ್ತೆಯೂ ಹೋಗಿದ್ದೆವು. ಆಯಾ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಮಗಳು ಅವಳ ಸೆರಗು ಜಗ್ಗಿ "ತಣ್ಣಿ" ಎಂದಳು. ಆಯಾ ಬೆಪ್ಪಾಗಿ ಕೂತೇ ಇದ್ದಳು. ಮಗಳು ಅತ್ತೆಯ ಹತ್ತಿರ ಓಡಿಬಂದು "ಅವ್ವಾ, ನೀಳ್ಳು" ಎಂದಳು. ಅತ್ತೆ ಬಾಯಿಗೆ ಕೈ ಇಟ್ಟುಕೊಂಡು ನಿಂತುಬಿಟ್ಟರು. ಕೊನೆಗೆ ಮಗಳು ನನ್ನ ಕಡೆ ತಿರುಗಿ, ಸಿಟ್ಟಿನಿಂದ ಕಾಲು ಅಪ್ಪಳಿಸಿ, "ಅಮ್ಮಾ, ನೀರು!" ಎಂದು ಕಿರುಚಿದಳು.

ಯಾರೊಡನೆ ಯಾವ ಮಾತು ಎಂಬುದರಲ್ಲಿ ಒಂದೂ ತಪ್ಪಿರಲಿಲ್ಲ.

ನಾನು ಅತ್ತುಬಿಟ್ಟೆ. ಲೋಟ ತುಂಬಿ ತಂದು ಕುಡಿಸಿದವರು ಟೀಚರ್. ಆಮೇಲೆ ಅವಳನ್ನು ಸೊಂಟಕ್ಕೇರಿಸಿಕೊಂಡು ಬೀದಿಗಿಳಿದು, ಲೈನಿನ ಮನೆಮನೆಗೂ ಕೇಳುವಂತೆ ಕೂಗಿದರು: "ಏನ್ರೇ, ಎಲ್ಲಾ ಈಚೆಗೆ ಬನ್ರೇ! ಯಾವ್ ಭಾಷೇಲಿ ಮಾತಾಡಿಸ್ತೀರೋ ಮಾತಾಡಿಸ್ರೇ!"